ಜಡೆ ತಪ್ಪಾ, ತೊಟ್ಟಿ ತಪ್ಪಾ? ಟಿಲಿಕಮ್ ಕೇಸು, ಪೀಣ್ಯದ ಸೇಫ್ಟಿ ಆಫೀಸರ್ ಕಣ್ಣಲ್ಲಿ

ನಾನು ಪೀಣ್ಯದಲ್ಲಿ ಒಂದು ಶೀಟ್ ಮೆಟಲ್ ಫ್ಯಾಕ್ಟರೀಲಿ ಸೇಫ್ಟಿ ನೋಡ್ಕೊಳ್ಳೋನು. ಸೂಪರ್‌ವೈಸರ್‌ಗಳಿಗೆ ಟ್ರೈನಿಂಗ್ ಮಾಡುವಾಗ ಪವರ್ ಪ್ರೆಸ್ಸಲ್ಲಿ ಬೆರಳು ಹೋದ ಕಥೆ ಹೇಳಿದ್ರೆ ಯಾರೂ ಕೇಳಿಸ್ಕೊಳ್ಳಲ್ಲ, ಎಲ್ರೂ ಅಂಥದ್ದನ್ನ ನೋಡಿದವ್ರೇ, ಉತ್ತರಾನೂ ರೆಡಿ ಇರುತ್ತೆ, "ಆಪರೇಟರ್ ಕೇರ್‌ಲೆಸ್ ಸಾರ್" ಅಂತ. ಅದಕ್ಕೇ ಯಾರ ಡಿಪಾರ್ಟ್‌ಮೆಂಟಿಗೂ ಸೇರದ ಒಂದು ಕೇಸ್ ಇಟ್ಕೊಂಡಿದೀನಿ. ಅಮೆರಿಕಾದ ಫ್ಲಾರಿಡಾದಲ್ಲಿ ಒರ್ಲ್ಯಾಂಡೊ ಅಂತ ಊರು, ಅಲ್ಲಿ ಸಮುದ್ರದ ಪ್ರಾಣಿಗಳ ಶೋ ನಡೆಸೋ ಸೀವರ್ಲ್ಡ್ ಪಾರ್ಕು, 2010ರ ಫೆಬ್ರವರಿ 24, ಕಿಲ್ಲರ್ ವೇಲ್ (ಓರ್ಕಾ ಅಂತಾನೂ ಕರೀತಾರೆ) ಒಂದು ತನ್ನ ಟ್ರೈನರನ್ನ ಸಾಯಿಸ್ತು. ಇದನ್ನ ಪ್ರಾಣಿದಯೆ ವಿಷಯ ಅಂತ ಶುರು ಮಾಡಿದ್ರೆ ಅರ್ಧ ಜನ ಮೊಬೈಲ್ ತೆಗೀತಾರೆ, ಆಕ್ಸಿಡೆಂಟ್ ಇನ್ವೆಸ್ಟಿಗೇಷನ್ ಅಂತ ಶುರು ಮಾಡಿದ್ರೆ ಕೂತು ಕೇಳ್ತಾರೆ. ಎರಡೂ ಕೊನೆಗೆ ಬಂದು ನಿಲ್ಲೋದು ಒಂದೇ ಕಡೆಗೆ ಅನ್ಕೊಂಡಿದ್ದೆ, ಪೂರ್ತಿ ಹಾಗಿಲ್ಲ, ಅದನ್ನ ಮುಂದೆ ಹೇಳ್ತೀನಿ.

ಮೊದಲು ಘಟನೆ. ಟ್ರೈನರ್ ಹೆಸರು ಡಾನ್ ಬ್ರಾಂಶೋ, 40 ವರ್ಷ, 1994ರಿಂದ ಅದೇ ಕಂಪನೀಲಿ ಇದ್ದವರು, ಅಲ್ಲಿನ ಅತಿ ಅನುಭವಿಗಳಲ್ಲಿ ಒಬ್ಬರು. ವೇಲ್ ಹೆಸರು ಟಿಲಿಕಮ್. ಗಂಡು, ಉದ್ದ ಸುಮಾರು 22 ಅಡಿ, ತೂಕ ಐದು ಟನ್ನಿಗಿಂತ ಜಾಸ್ತಿ. ಜನ ಊಟ ಮಾಡ್ತಾ ವೇಲ್ ನೋಡೋ ಒಂದು ಶೋ ಆಗಷ್ಟೇ ಮುಗಿದಿತ್ತು. ತೊಟ್ಟಿ ಅಂಚಲ್ಲಿ ಕೆಲವೇ ಇಂಚು ನೀರು ನಿಲ್ಲೋ ಒಂದು ಕಟ್ಟೆ ಇರುತ್ತೆ, ಡಾನ್ ಅದರ ಮೇಲೆ ಮಲಗಿ ಟಿಲಿಕಮ್ ಮುಖದ ಹತ್ರ ಮುಖ ಇಟ್ಟು ಮಾತಾಡಿಸ್ತಿದ್ರು. ಅದು ಅವರನ್ನ ಹಿಡಿದು ಒಳಗೆ ಎಳ್ಕೊಂಡು ಹೋಯ್ತು. ಬೇರೆ ಟ್ರೈನರ್‌ಗಳು ಬಲೆ ಹಾಕಿದ್ರು, ಮೀನು ಆಸೆ ತೋರಿಸಿದ್ರು, ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಅದನ್ನ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಅಟ್ಕೊಂಡು ಹೋಗಿ, ತಳ ಮೇಲಕ್ಕೆತ್ತೋಕೆ ಬರೋ ಮೆಡಿಕಲ್ ತೊಟ್ಟಿಗೆ ಸೇರಿಸಿ ದೇಹ ಬಿಡಿಸ್ಕೊಂಡ್ರು.

ಇಲ್ಲಿ ನಾನು ನಿಲ್ಲಿಸಿ ಕೇಳ್ತೀನಿ, ಫಸ್ಟ್ ರಿಪೋರ್ಟ್ ಏನು ಬಂದಿರಬಹುದು ಹೇಳಿ. ಪ್ರೆಸ್ ಶಾಪ್ ಸೂಪರ್‌ವೈಸರ್ ಒಬ್ಬರು ತಕ್ಷಣ, "ಕಾಲು ಜಾರಿ ಬಿದ್ರು ಅಂತ ಬರ್ದಿರ್ತಾರೆ ಬಿಡಿ ಸಾರ್" ಅಂದ್ರು. ನಿಜವಾಗ್ಲೂ ಅದೇ ಆಗಿದ್ದು! ಅವತ್ತು ಶೆರಿಫ್ ಆಫೀಸಿನಿಂದ, ಅಂದ್ರೆ ಅಲ್ಲಿನ ಪೊಲೀಸರಿಂದ, ಬಂದ ಮೊದಲ ಹೇಳಿಕೆ, ಆಕೆ ಜಾರಿನೋ ಬಿದ್ದೋ ನೀರಿಗೆ ಹೋದ್ರು ಅಂತ. ಕಣ್ಣಾರೆ ನೋಡಿದ್ದ ಪ್ರೇಕ್ಷಕರು ಇಲ್ಲ ಅಂದಮೇಲೆ ಆ ಮಾತು ಬಿದ್ದೋಯ್ತು, ಎರಡನೇ ಮಾತು ಬಂತು: ಅವರ ಉದ್ದ ಜಡೆ ನೀರಲ್ಲಿ ತೇಲ್ತಿತ್ತು, ಅದು ವೇಲ್ ಬಾಯಿಗೆ ಸಿಕ್ತು, ಪಾಪ ಅದಕ್ಕೆ ಹೊಸ ಆಟದ ಸಾಮಾನಿನ ಥರ ಕಾಣಿಸ್ತು. ಕೈ ಹಿಡಿದು ಎಳೀತು ಅಂತ ಹೇಳಿದ ಸಾಕ್ಷೀನೂ ಇದ್ರು, ಆದ್ರೆ ಜನರ ಬಾಯಲ್ಲಿ ಉಳ್ಕೊಂಡಿದ್ದು ಜಡೆ.

ಜಡೆ ಅಂದ ಕೂಡ್ಲೆ ನಮ್ಮ ರೂಮಲ್ಲಿ ಅರ್ಧ ಜನ ತಲೆ ಆಡಿಸ್ತಾರೆ. ಯಾಕಂದ್ರೆ ನಮ್ಮಲ್ಲೂ ಡ್ರಿಲ್ಲಿಂಗ್ ಮಷೀನ್ ಹತ್ರ ಕೆಲಸ ಮಾಡೋ ಹೆಣ್ಮಕ್ಕಳು ಜಡೆ ಕ್ಯಾಪೊಳಗೆ ಸೇರಿಸ್ಬೇಕು, ದುಪಟ್ಟಾ ಗಿಪಟ್ಟಾ ಏನೂ ಜೋತಾಡಬಾರದು ಅನ್ನೋ ರೂಲ್ ಇದೆ, ಸರಿಯಾದ ರೂಲೇ. ಪ್ಯಾಕಿಂಗ್ ಸೆಕ್ಷನ್ನಿನ ಅಕ್ಕ ಒಬ್ಬರು ಮಾತ್ರ ಕೇಳಿದ ಪ್ರಶ್ನೆ ನನಗೆ ಇಡೀ ಟ್ರೈನಿಂಗ್‌ಗಿಂತ ಮುಖ್ಯ ಅನ್ನಿಸ್ತು. "ಅಲ್ಲ ಸಾರ್, ಜಡೆ ಕತ್ತರಿಸ್ಕೊಂಡು ಬಂದಿದ್ರೆ ಆವಮ್ಮ ಸೇಫಾ?"

ಸೇಫ್ ಅಲ್ಲ. ಯಾಕೆ ಅಂತ ನೋಡೋಕೆ ಇದೇ ವೇಲ್‌ನ ಹಿಂದಿನ ಫೈಲು ತೆಗೀಬೇಕು.

ಟಿಲಿಕಮ್‌ನ ಹಿಡಿದಿದ್ದು 1983ರ ನವೆಂಬರಲ್ಲಿ, ಐಸ್‌ಲ್ಯಾಂಡ್ ಸಮುದ್ರದಲ್ಲಿ, ಆಗ ಅದಕ್ಕೆ ಸುಮಾರು ಎರಡು ವರ್ಷ. ಓರ್ಕಾಗಳಲ್ಲಿ ಎರಡು ವರ್ಷ ಅಂದ್ರೆ ತಾಯಿ ಪಕ್ಕ ಬಿಟ್ಟು ಹೋಗೋ ವಯಸ್ಸೇ ಅಲ್ಲ. ಉತ್ತರ ಅಮೆರಿಕಾದ ಪಶ್ಚಿಮ ಕರಾವಳಿಯಲ್ಲಿ ಮೀನು ತಿಂದ್ಕೊಂಡಿರೋ ಓರ್ಕಾ ಕುಟುಂಬಗಳನ್ನ ದಶಕಗಟ್ಟಲೆ ಒಂದೊಂದನ್ನೂ ಗುರುತಿಟ್ಟು ಸ್ಟಡಿ ಮಾಡಿದಾರಲ್ಲ, ಅಲ್ಲಿ ಗಂಡು ಮಕ್ಕಳು ಬೆಳೆದು ದೊಡ್ಡವರಾದ್ಮೇಲೂ ಸಾಯೋವರೆಗೆ ಅಮ್ಮನ ಗುಂಪಲ್ಲೇ ಇರ್ತವೆ. ಒಂದೊಂದು ಗುಂಪಿಗೆ ಅದರದ್ದೇ ಕೂಗು, ಅದರದ್ದೇ ಊಟದ ಅಭ್ಯಾಸ. ದಿನಕ್ಕೆ ನೂರು ಕಿಲೋಮೀಟರ್ ದಾಟಿ ಈಜಬಲ್ಲವು. ಹೆಸರಿಗೆ ವೇಲ್, ವಂಶದಲ್ಲಿ ಡಾಲ್ಫಿನ್ ಜಾತಿಯಲ್ಲೇ ಅತಿ ದೊಡ್ಡದು. ಇನ್ನೊಂದು ವಿಷಯ ಹೇಳಿದ್ರೆ ನಮ್ಮವ್ರು ನಂಬಲ್ಲ: ಸಮುದ್ರದಲ್ಲಿ ಸ್ವತಂತ್ರವಾಗಿರೋ ಓರ್ಕಾ ಮನುಷ್ಯನನ್ನ ಕೊಂದ ದಾಖಲೆ ಒಂದೂ ಇಲ್ಲ.

ಐಸ್‌ಲ್ಯಾಂಡಲ್ಲೇ ಒಂದು ತೊಟ್ಟೀಲಿ ಸ್ವಲ್ಪ ಕಾಲ ಇಟ್ಕೊಂಡು ಆಮೇಲೆ ಕೆನಡಾದ ವಿಕ್ಟೋರಿಯಾ ಊರಿನ ಹತ್ರ ಸೀಲ್ಯಾಂಡ್ ಅನ್ನೋ ಪಾರ್ಕಿಗೆ ಕಳಿಸಿದ್ರು. ಅಲ್ಲಿ ಮೊದಲೇ ಎರಡು ದೊಡ್ಡ ಹೆಣ್ಣು ಓರ್ಕಾ ಇದ್ವು, ಇವನ ಬಂಧು ಬಳಗ ಏನಲ್ಲ, ಇವನ ಮೇಲೆ ಬಿದ್ದು ಹಲ್ಲಿಂದ ಗೀರೋವು. ಹಗಲು ಶೋ, ರಾತ್ರಿ ಮೂರನ್ನೂ ಒಂದು ಸಣ್ಣ ಕತ್ತಲೆ ತೊಟ್ಟಿಗೆ ಕೂಡಿ ಬಾಗಿಲು ಹಾಕೋರು. ಸಮುದ್ರದಲ್ಲಾದ್ರೆ ಸೋತವನು ಓಡಿ ಹೋಗ್ತಾನೆ, ಇಲ್ಲಿ ಓಡೋಕೆ ಜಾಗ ಎಲ್ಲಿ. 1991ರ ಫೆಬ್ರವರಿ 20ರಂದು ಅಲ್ಲಿ ಪಾರ್ಟ್‌ಟೈಮ್ ಟ್ರೈನರ್ ಆಗಿದ್ದ 20 ವರ್ಷದ ಕಾಲೇಜು ಹುಡುಗಿ ಕಾಲು ಜಾರಿ ನೀರಿಗೆ ಬಿದ್ಲು (ಇದು ನಿಜವಾಗ್ಲೂ ಜಾರಿದ್ದೇ), ಮೂರೂ ಓರ್ಕಾ ಸೇರಿ ಅವಳನ್ನ ಮೇಲೆ ಬರೋಕೆ ಬಿಡಲಿಲ್ಲ. ಸ್ಪರ್ಧೆಗಳಲ್ಲಿ ಈಜೋ ಹುಡುಗಿ ಅವಳು.

ಈಗ ಒಂದು ಫ್ಯಾಕ್ಟರಿ ಯೋಚನೆ ಮಾಡಿ. ಮಷೀನಲ್ಲಿ ಒಬ್ಬರು ಸತ್ತಿದಾರೆ. ಫ್ಯಾಕ್ಟರಿ ಮುಚ್ಚಿ ಹೋಗ್ತಿದೆ, ಸೀಲ್ಯಾಂಡ್ 1992ರಲ್ಲಿ ಬಾಗಿಲು ಹಾಕ್ತು. ಆ ಮಷೀನನ್ನ ಏನು ಮಾಡ್ತಾರೆ? ನಮ್ಮ ಪೀಣ್ಯ ಗೊತ್ತಿರೋರಿಗೆ ಉತ್ತರ ಬಾಯ್ತುದೀಲೇ ಇದೆ: ಪೇಂಟ್ ಹೊಡೆದು ಇನ್ನೊಬ್ಬರಿಗೆ ಮಾರ್ತಾರೆ. 1992ರ ಜನವರೀಲಿ ಟಿಲಿಕಮ್ ವಿಮಾನ ಹತ್ತಿ ಒರ್ಲ್ಯಾಂಡೊಗೆ ಹೋದ. ತಗೊಂಡವರಿಗೆ ಅವನ ಹಿಸ್ಟರಿ ಗೊತ್ತಿತ್ತು. ಗೊತ್ತಿದ್ದೂ ತಗೊಂಡಿದ್ದಕ್ಕೆ ಕಾರಣ ಅವನು ಶೋ ಮಾಡೋದಷ್ಟೇ ಆಗಿರಲಿಲ್ಲ, ಮರಿ ಹುಟ್ಟಿಸಬಲ್ಲ ಗಂಡು ಆಗಿದ್ದ. ಸಮುದ್ರದಿಂದ ಹಿಡಿದು ತರೋದಕ್ಕೆ ಅಷ್ಟೊತ್ತಿಗೆ ಜನ ಗಲಾಟೆ ಮಾಡೋಕೆ ಶುರು ಮಾಡಿದ್ರು, ಸ್ಟಾಕ್ ಬೇಕು ಅಂದ್ರೆ ತೊಟ್ಟೀಲೇ ಹುಟ್ಟಬೇಕು. ಟಿಲಿಕಮ್‌ನಿಂದ ಒಟ್ಟು 21 ಮರಿ ಹುಟ್ಟಿದ್ವು, ಅದ್ರಲ್ಲಿ ಕೆಲವು ಅವನ ವೀರ್ಯ ತೆಗೆದು ಬೇರೆ ಪಾರ್ಕಿನ ಹೆಣ್ಣುಗಳಿಗೆ ಹಾಕಿ. ನನ್ನ ಪ್ರಕಾರ ಈ ಕೇಸಿನ ರೂಟ್ ಕಾಸ್, ಅಂದ್ರೆ ಮೂಲ ಕಾರಣ, ಇರೋದು 2010ರ ಕಟ್ಟೆ ಮೇಲೂ ಅಲ್ಲ, ಜಡೇಲೂ ಅಲ್ಲ, ಈ 1992ರ ಖರೀದೀಲಿ. ಅವತ್ತು ಯಾರೋ ಒಂದು ಟೇಬಲ್ ಮುಂದೆ ಕೂತು ಲೆಕ್ಕ ಹಾಕಿದಾರೆ, ಒಂದು ಕಡೆ ಸತ್ತ ಹುಡುಗಿ, ಇನ್ನೊಂದು ಕಡೆ ಹುಟ್ಟೋ ಮರಿಗಳು, ಎರಡನೇದು ಭಾರ ಬಂದಿದೆ.

1999ರ ಜುಲೈಯಲ್ಲಿ ಎರಡನೇ ಸಾವು. ಹೊರಗಿನ ಒಬ್ಬ ಯುವಕ ಪಾರ್ಕ್ ಮುಚ್ಚಿದ ಮೇಲೂ ಒಳಗೇ ಉಳ್ಕೊಂಡು ರಾತ್ರಿ ತೊಟ್ಟಿಗಿಳಿದಿದ್ದ, ಬೆಳಿಗ್ಗೆ ಟಿಲಿಕಮ್ ಬೆನ್ನ ಮೇಲೆ ಹೆಣ ಸಿಕ್ತು. ಅನಧಿಕೃತ ಪ್ರವೇಶ, ಫೈಲ್ ಕ್ಲೋಸ್.

ಬರೀ ಇದೇ ಪ್ರಾಣಿ ಕೆಟ್ಟದು ಅಂತೀರಾ, ಅದೂ ನಿಲ್ಲಲ್ಲ. 2006ರಲ್ಲಿ ಸ್ಯಾನ್ ಡಿಯಾಗೊ ಪಾರ್ಕಲ್ಲಿ ಕಸಾಟ್ಕಾ ಅನ್ನೋ ಹೆಣ್ಣು ಓರ್ಕಾ ಟ್ರೈನರ್ ಕಾಲು ಕಚ್ಚಿ ಪದೇ ಪದೇ ನೀರೊಳಗೆ ಎಳ್ಕೊಂಡು ಹೋಯ್ತು, ಆತ ಸಮಾಧಾನವಾಗಿ ಅದರ ಬೆನ್ನು ಸವರ್ತಾ ಸವರ್ತಾ ಬದುಕಿ ಬಂದ. ಆಮೇಲೆ 2009ರ ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ದಿನ, ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ಲೋರೊ ಪಾರ್ಕಲ್ಲಿ ಕೇಟೊ ಅನ್ನೋ ಓರ್ಕಾ ಟ್ರೈನರ್ ಅಲೆಕ್ಸಿಸ್ ಮಾರ್ಟಿನೆಜ್ ಅವರನ್ನ ಕೊಂದಿತು. ಕೇಟೊ ಸೀವರ್ಲ್ಡಿನದೇ ಓರ್ಕಾ, ಅಲ್ಲಿಗೆ ಕಳಿಸಿ ಕೊಟ್ಟಿದ್ದರು. ಡಾನ್ ಸತ್ತಿದ್ದು ಇದಾಗಿ ಸರಿಯಾಗಿ ಎರಡು ತಿಂಗಳಿಗೆ. ನಿಯರ್ ಮಿಸ್ ರಿಜಿಸ್ಟರ್ (ಸ್ವಲ್ಪದರಲ್ಲಿ ತಪ್ಪಿದ ಅಪಘಾತ ಬರೆದಿಡೋ ಪುಸ್ತಕ) ಯಾಕೆ ಇಡ್ತೀವಿ ಅಂತ ಕೇಳೋ ಹೊಸ ಹುಡುಗ್ರಿಗೆ ನಾನು ಈ ಎರಡು ತಾರೀಕು ಪಕ್ಕ ಪಕ್ಕ ಬೋರ್ಡ್ ಮೇಲೆ ಬರೆದು ಸುಮ್ನೆ ಬಿಡ್ತೀನಿ.

ಕೋರ್ಟಿನ ಭಾಗ ಬೇಗ ಹೇಳ್ತೀನಿ, ಆದ್ರೆ ಚೆನ್ನಾಗಿದೆ. ಅಮೆರಿಕಾದಲ್ಲಿ ಕಾರ್ಮಿಕರ ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ ಓಶಾ. ನಮ್ಮಲ್ಲಿ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಇದ್ದ ಹಾಗೆ. ಅವರು 2010ರ ಆಗಸ್ಟಲ್ಲಿ ಸೀವರ್ಲ್ಡಿಗೆ 75,000 ಡಾಲರ್ ದಂಡ ಹಾಕಿದ್ರು, ಆಮೇಲೆ ವಿಚಾರಣೆಯಲ್ಲಿ ಅದು 12,000ಕ್ಕೆ ಇಳೀತು, ಆ ಕಂಪನಿಗೆ ಅದು ಪಾಪ್‌ಕಾರ್ನ್ ದುಡ್ಡು. ಮುಖ್ಯವಾದದ್ದು ದುಡ್ಡಲ್ಲ, ಜೊತೆಗೆ ಬಂದ ಷರತ್ತು: ಓರ್ಕಾ ಮತ್ತೆ ಟ್ರೈನರ್ ಮಧ್ಯೆ ತಡೆಗೋಡೆ ಇರ್ಬೇಕು ಇಲ್ಲಾ ಸಾಕಷ್ಟು ದೂರ ಇರ್ಬೇಕು. ಕಂಪನಿ ಮೇಲ್ಮನವಿ ಹಾಕ್ತು, ವಾದ ಏನಂದ್ರೆ ನಮಗೆ ಟ್ರೈನಿಂಗ್ ಇದೆ, ಪ್ರೋಟೋಕಾಲ್ ಇದೆ, ಟಿಲಿಕಮ್ ಜೊತೆ ಯಾರೂ ಈಜಬಾರದು ಅನ್ನೋ ವಿಶೇಷ ರೂಲೇ ಇದೆ. 2014ರ ಏಪ್ರಿಲಲ್ಲಿ ವಾಷಿಂಗ್ಟನ್ನಿನ ಫೆಡರಲ್ ಮೇಲ್ಮನವಿ ಕೋರ್ಟು 2-1ರಲ್ಲಿ ಕಂಪನಿ ವಿರುದ್ಧ ತೀರ್ಪು ಕೊಡ್ತು, ಅದ್ರಲ್ಲಿ ಆ ರೂಲ್‌ಗಳೇ ಉಲ್ಟಾ ಹೊಡೆದವು. ಅಪಾಯ ಗೊತ್ತಿಲ್ಲದೇ ಇದ್ದಿದ್ರೆ ಅಷ್ಟೆಲ್ಲಾ ರೂಲ್ ಯಾಕೆ ಬರ್ಕೊಂಡ್ರಿ? ನಮ್ಮ ಎಸ್‌ಒಪಿ, ಅಂದ್ರೆ ಕೆಲಸ ಹೀಗೇ ಮಾಡ್ಬೇಕು ಅಂತ ನಾವೇ ಬರೆದಿಟ್ಟ ರೂಲು, ನಮ್ಮ ಮೇಲೇ ಸಾಕ್ಷಿ ಹೇಳೋದು ಹೀಗೆ. ಒಪ್ಪದ ಆ ಒಬ್ಬ ಜಡ್ಜ್ ಬ್ರೆಟ್ ಕ್ಯಾವನಾ, ಈಗ ಸುಪ್ರೀಂ ಕೋರ್ಟಲ್ಲಿದಾರೆ. ಫುಟ್‌ಬಾಲು, ಕಾರ್ ರೇಸು ಇವೂ ಅಪಾಯಾನೇ, ಗೊತ್ತಿದ್ದೇ ಆಡ್ತಾರೆ, ಸರ್ಕಾರ ಯಾಕೆ ಮಧ್ಯೆ ಬರ್ಬೇಕು ಅನ್ನೋದು ಅವರ ಲೈನು. ನಮ್ಮ ರೂಮಲ್ಲಿ ಇದಕ್ಕೂ ವೋಟ್ ಬೀಳುತ್ತೆ, ಕಂಬಳದ ಉದಾಹರಣೆ ಕೊಡೋ ಮಂಗಳೂರು ಕಡೆಯೋರು ಒಬ್ಬರು ಯಾವಾಗ್ಲೂ ಇರ್ತಾರೆ. ಓಟಗಾರ ತಾನೇ ಒಪ್ಪಿ ಗದ್ದೆಗಿಳೀತಾನೆ ಸಾರ್ ಅಂತಾರೆ. ಸರಿ, ಓಟಗಾರ ಒಪ್ಪಿದ, ಡಾನ್ ಕೂಡ ಒಪ್ಪಿದ್ರು ಅಂತಲೇ ಇಟ್ಕೊಳ್ಳಿ. ಟಿಲಿಕಮ್ ಯಾವ ಕಾಗದಕ್ಕೆ ಸೈನ್ ಮಾಡಿದ್ದ?

ಇಲ್ಲಿಂದ ನನ್ನ ಸೇಫ್ಟಿ ಪಾಠ ಕೈ ಕೊಡೋಕೆ ಶುರು ಮಾಡುತ್ತೆ.

ಯಾಕಂದ್ರೆ ಓಶಾ ಕೇಳಿದ್ದನ್ನ ಕಂಪನಿ ಮಾಡ್ತು. ಶೋನಲ್ಲಿ ಟ್ರೈನರ್‌ಗಳು ಮತ್ತೆ ನೀರಿಗಿಳೀಲಿಲ್ಲ, ಕಂಬಿ ಬಂತು, ದೂರ ಬಂತು. 2025ರವರೆಗೆ ಇದ್ದ ನಮ್ಮ 1948ರ ಫ್ಯಾಕ್ಟರೀಸ್ ಆಕ್ಟಿನ 21ನೇ ಸೆಕ್ಷನ್ ಹೇಳ್ತಿದ್ದದ್ದೂ ಇದೇ ತಾನೆ, ಅಪಾಯದ ಯಂತ್ರಕ್ಕೆ ಬೇಲಿ ಹಾಕಿ. ಬೇಲಿ ಬಿತ್ತು, ಮನುಷ್ಯರು ಸೇಫ್, ನನ್ನ ಫಾರ್ಮಲ್ಲಿ ಕರೆಕ್ಟಿವ್ ಆಕ್ಷನ್ ಕಾಲಮ್ಮಿಗೆ ಟಿಕ್ ಬಿತ್ತು. ಬೇಲಿಯ ಆ ಕಡೆ ಏನಾಯ್ತು? ಟಿಲಿಕಮ್ ಹೆಚ್ಚಿನ ಹೊತ್ತು ಒಂಟಿ. ಮೊದಲಾದ್ರೂ ಯಾರೋ ಮೈ ಕೈ ಸವರೋರು, ಆಮೇಲೆ ಮಸಾಜ್ ಮಾಡೋಕೂ ಜೋರಾಗಿ ನೀರು ಹೊಡೆಯೋ ಪೈಪು. ಹಳೇ ಫೋಟೋ ನೋಡಿದ್ರೆ ಅವನ ಬೆನ್ನಿನ ರೆಕ್ಕೆ ಒಂದು ಕಡೆಗೆ ಮಡಚ್ಕೊಂಡು ಬಿದ್ದಿರೋದು ಕಾಣುತ್ತೆ, ಸಮುದ್ರದ ಗಂಡು ಓರ್ಕಾಗಳಲ್ಲಿ ಅದು ಆಳೆತ್ತರ ನೆಟ್ಟಗೆ ನಿಂತಿರುತ್ತೆ, ಬಾಗಿರೋದು ಅಪರೂಪ, ತೊಟ್ಟೀಲಿ ಬೆಳೆದ ಗಂಡುಗಳಲ್ಲಿ ಅದೇ ಮಾಮೂಲು. ಕಾಂಕ್ರೀಟು ಕಬ್ಬಿಣ ಕಡಿದು ಕಡಿದು ಹಲ್ಲು ಸವೆಯೋದು ಇನ್ನೊಂದು, ಸವೆದ ಹಲ್ಲಿಗೆ ಡ್ರಿಲ್ ಹಾಕಿ ತೂತು ಮಾಡಿ ದಿನಾ ಅದರೊಳಗೆ ನೀರು ಬಿಟ್ಟು ತೊಳೀಬೇಕು. ಡೆಂಟಿಸ್ಟ್ ಹತ್ರ ರೂಟ್ ಕೆನಾಲ್ ಮಾಡಿಸ್ಕೊಂಡ ಯಾರಾದ್ರೂ ಸಾಕು, ಈ ಒಂದು ವಾಕ್ಯಕ್ಕೆ ರೂಮಲ್ಲಿ ಮುಖ ಕಿವುಚ್ತಾರೆ.

ಅಂದ್ರೆ ಇನ್ಸಿಡೆಂಟ್ ರಿಪೋರ್ಟಲ್ಲಿ ಗಾಯಾಳು ಅನ್ನೋ ಕಾಲಮ್ ಇದೆ, ಯಂತ್ರ ಅನ್ನೋ ಕಾಲಮ್ ಇದೆ. ಟಿಲಿಕಮ್‌ನ ಎಲ್ಲಿ ಬರೀಬೇಕು? ಯಂತ್ರದ ಕಾಲಮ್ಮಲ್ಲಿ ಬರೆದ್ರೆ ಬೇಲಿ ಹಾಕಿ ಕ್ಲೋಸ್ ಮಾಡಬಹುದು, ಗಾಯಾಳು ಕಾಲಮ್ಮಲ್ಲಿ ಬರೆದ್ರೆ ಆಕ್ಸಿಡೆಂಟ್ ತಾರೀಕು 1983 ಆಗುತ್ತೆ. ನನಗೆ ಎರಡನೇದು ಸರಿ ಕಾಣುತ್ತೆ. ಡಾನ್ ಬ್ರಾಂಶೋ ಸಾವು ಆ ಗಾಯದ್ದೇ ಮುಂದುವರಿಕೆ ಅಂತ ನಾನು ಓದೋದು, ಹಾಗಂತ ಆಕೆ ಸಾವಿನ ತೂಕ ಒಂದು ಗ್ರಾಮೂ ಕಮ್ಮಿ ಆಗಲ್ಲ, ಆಕೆ ಆ ಪ್ರಾಣೀನ ಪ್ರೀತಿಸ್ತಿದ್ರು ಅನ್ನೋದ್ರಲ್ಲಿ ನನಗೆ ಅನುಮಾನಾನೂ ಇಲ್ಲ. ಒಳಗಿರೋ ಕೆಲಸಗಾರರು ಒಳ್ಳೆಯವರೇ ಇರ್ತಾರೆ. ಅದರಿಂದ ತೊಟ್ಟಿ ದೊಡ್ಡದಾಗಲ್ಲ.

ಕಂಪನಿ ಪರವಾಗಿ ನ್ಯಾಯವಾಗಿ ಹೇಳ್ಬೇಕಾದ್ದೂ ಇದೆ. ಟಿಲಿಕಮ್ ಸತ್ತಿದ್ದು 2017ರ ಜನವರಿ 6ಕ್ಕೆ, ಸುಮಾರು 35 ವರ್ಷಕ್ಕೆ. ಸಮುದ್ರದಲ್ಲೂ ಗಂಡು ಓರ್ಕಾಗಳ ಸರಾಸರಿ ಆಯಸ್ಸು ಮೂವತ್ತರ ಆಸುಪಾಸು, ಕೆಲವು ಐವತ್ತು ಅರವತ್ತಕ್ಕೂ ಹೋಗ್ತವೆ. ಹಾಗಾಗಿ "ಬೇಗ ಸಾಯಿಸಿಬಿಟ್ರು" ಅಂತ ಇವನೊಬ್ಬನ ವಯಸ್ಸು ಹಿಡ್ಕೊಂಡು ಕೂಗೋರ ಮಾತು ನಾನು ಒಪ್ಪಲ್ಲ. ಮೂವತ್ತಮೂರು ವರ್ಷ ಹೇಗೆ ಕಳೆದ ಅನ್ನೋದು ನನ್ನ ಪ್ರಶ್ನೆ. ಮಕ್ಕಳು ನೋಡಿ ಕಲೀತಾರೆ, ಪ್ರಾಣಿ ಮೇಲೆ ಪ್ರೀತಿ ಬರುತ್ತೆ ಅನ್ನೋ ವಾದಾನೂ ಇದೆ. ಮ್ಯೂಸಿಕ್ಕಿಗೆ ತಕ್ಕಂಗೆ ಬಾಲ ಆಡಿಸಿ ಮುಂದಿನ ಸಾಲಿನೋರ ಮೇಲೆ ನೀರೆರಚೋದು ನೋಡಿ ಮಗು ಏನು ಕಲೀತು ಅಂತ ಯಾರಾದ್ರೂ ಹೇಳಿದ್ರೆ ಕೇಳೋಕೆ ರೆಡಿ ಇದೀನಿ.

ನಮ್ಮ ಫೀಲ್ಡಲ್ಲಿ ಅಪಾಯ ಕಮ್ಮಿ ಮಾಡೋಕೆ ಒಂದು ಕ್ರಮ ಇದೆ, ಪೋಸ್ಟರ್ ಎಲ್ಲಾ ಫ್ಯಾಕ್ಟರಿ ಗೋಡೆ ಮೇಲೂ ಇರುತ್ತೆ. ತುದೀಲಿ ಎಲಿಮಿನೇಷನ್, ಅಂದ್ರೆ ಅಪಾಯಾನೇ ಇಲ್ಲದ ಹಾಗೆ ಮಾಡೋದು, ಆಮೇಲೆ ಬದಲಿ ವಸ್ತು, ಆಮೇಲೆ ಗಾರ್ಡು ಇಂಟರ್‌ಲಾಕು, ಆಮೇಲೆ ರೂಲು ಟ್ರೈನಿಂಗು, ಕೊನೇಲಿ ಹೆಲ್ಮೆಟ್ಟು ಗ್ಲೌಸು. ಜಡೆ ಕಟ್ಕೋ ಅನ್ನೋದು ಕೆಳಗಿನ ಎರಡು ಮೆಟ್ಟಿಲಲ್ಲಿ ಬರೋದು. ಸೀವರ್ಲ್ಡ್ ಇಪ್ಪತ್ತು ವರ್ಷ ಕೆಳಗಿನ ಎರಡು ಮೆಟ್ಟಿಲಲ್ಲೇ ಓಡಾಡ್ತು, ಓಶಾ ತಳ್ಳಿ ಮಧ್ಯಕ್ಕೆ ತಂತು, ಮೇಲಿನ ಮೆಟ್ಟಿಲಿಗೆ ಬಂದಿದ್ದು 2016ರ ಮಾರ್ಚಲ್ಲಿ, ಇನ್ನು ಓರ್ಕಾ ಬ್ರೀಡಿಂಗ್ ಮಾಡಲ್ಲ ಅಂತ ಘೋಷಣೆ ಮಾಡಿದಾಗ. ಅದೇ ವರ್ಷ ಕ್ಯಾಲಿಫೋರ್ನಿಯಾ ಕಾನೂನು ತಂತು, 2019ರಲ್ಲಿ ಕೆನಡಾ. 2023ರಲ್ಲಿ ಅಬುಧಾಬಿಯಲ್ಲಿ ಹೊಸ ಸೀವರ್ಲ್ಡ್ ತೆರೆದಾಗ ಅದರಲ್ಲಿ ಓರ್ಕಾನೇ ಇರಲಿಲ್ಲ.

ನಮ್ಮ ದೇಶ ಈ ವಿಷಯದಲ್ಲಿ ಮೆಟ್ಟಿಲು ಹತ್ತೋ ಕಷ್ಟ ತಗೊಳ್ಳಲೇ ಇಲ್ಲ, ಮೊದಲೇ ಬಾಗಿಲು ಹಾಕ್ತು. ಕೊಚ್ಚಿ ಸೇರಿ ಕೆಲವು ಕಡೆ ಡಾಲ್ಫಿನ್ ಪಾರ್ಕ್ ಮಾಡೋ ಪ್ಲಾನ್ ಓಡಾಡ್ತಿತ್ತು, 2013ರ ಮೇನಲ್ಲಿ ಸೆಂಟ್ರಲ್ ಜೂ ಅಥಾರಿಟಿ ಸುತ್ತೋಲೆ ಹೊರಡಿಸಿ ಡಾಲ್ಫಿನೇರಿಯಂಗೆ ಅನುಮತಿ ಕೊಡಬೇಡಿ ಅಂತ ರಾಜ್ಯಗಳಿಗೆ ಹೇಳ್ತು. ಇದನ್ನ ಹೇಳಿದಾಗ ರೂಮಲ್ಲಿ ಚಪ್ಪಾಳೆ ಬಿತ್ತು, ನನಗೂ ಖುಷೀನೇ.

ಆಗ ಮೇಂಟೆನೆನ್ಸ್ ಹುಡುಗ ಒಬ್ಬ ಎದ್ದು, "ಹಾಗಾದ್ರೆ ಇರೋವನ್ನ ಬನ್ನೇರುಘಟ್ಟಕ್ಕೆ ಬಿಟ್ಟಂಗೆ ಬಿಡಬಹುದಲ್ವಾ ಸಾರ್" ಅಂದ. ಅವನ ತಲೇಲಿ ಇದ್ದದ್ದು ಸುಂದರ್. ಕೊಲ್ಹಾಪುರದ ಜ್ಯೋತಿಬಾ ದೇವಸ್ಥಾನದ ಆನೆ, ಸರಪಳಿ ಹಾಕಿ ಹೊಡೀತಿದ್ದ ವಿಷಯ ಕೋರ್ಟ್ ಮೆಟ್ಟಿಲೇರಿ, 2014ರ ಜೂನಲ್ಲಿ ಲಾರಿ ಹತ್ತಿಸಿ ಬನ್ನೇರುಘಟ್ಟಕ್ಕೆ ತಂದ್ರು. ಸರ್ಕಸ್ಸಿಂದ ಬಿಡಿಸಿದ ಸಿಂಹಗಳಿಗೂ ಅಲ್ಲೇ ರೆಸ್ಕ್ಯೂ ಸೆಂಟರ್ ಆಗಿತ್ತು. ಬನ್ನೇರುಘಟ್ಟ ಸ್ವರ್ಗ ಅಂತ ನಾನು ಹೇಳಲ್ಲ, ಭಾನುವಾರ ಸಫಾರಿ ಬಸ್ಸಿನ ಕ್ಯೂ ನೋಡಿದ್ರೆ ಅಲ್ಲೂ ನಾವು ಹೋಗಿರೋದು ಶೋಗೇ ಅನ್ಸುತ್ತೆ. ಆದ್ರೂ ಆನೆಗೆ ಮಣ್ಣು ಸಿಕ್ತು, ಮರ ಸಿಕ್ತು, ಜೊತೆಗೆ ಬೇರೆ ಆನೆ ಸಿಕ್ವು.

ಓರ್ಕಾಗೆ ಬನ್ನೇರುಘಟ್ಟ ಇಲ್ಲ. ಕೈಕೊ ಅಂತ ಒಂದಿತ್ತು, ಸಿನಿಮಾದಲ್ಲಿ ನಟಿಸಿ ಹೆಸರು ಮಾಡಿದ್ದು, ಕೋಟ್ಯಂತರ ಖರ್ಚು ಮಾಡಿ ಐಸ್‌ಲ್ಯಾಂಡಿಗೆ ವಾಪಸ್ ಕರ್ಕೊಂಡು ಹೋಗಿ ಅಭ್ಯಾಸ ಮಾಡಿಸಿದ್ರು, 2002ರಲ್ಲಿ ಅದು ತಾನಾಗೇ ಸಮುದ್ರ ದಾಟಿ ನಾರ್ವೆಗೆ ಹೋಯ್ತು, ಹೋಗಿ ಅಲ್ಲೂ ಮನುಷ್ಯರನ್ನೇ ಹುಡುಕ್ತು, 2003ರ ಡಿಸೆಂಬರಲ್ಲಿ ಸತ್ತೋಯ್ತು. 1970ರಲ್ಲಿ ಹಿಡಿದ ಟೋಕಿಟೆ, ಲೊಲಿಟಾ ಅಂತಾನೂ ಕರೀತಿದ್ರು, ಅವಳನ್ನ ಹುಟ್ಟಿದ ನೀರಿಗೆ ಕಳಿಸೋ ಪ್ಲಾನ್ ಅಂತೂ ಇಂತೂ ಒಪ್ಪಿಗೆ ಆಗಿ ತಯಾರಿ ನಡೀತಿರುವಾಗಲೇ 2023ರ ಆಗಸ್ಟಲ್ಲಿ ಮಯಾಮಿ ತೊಟ್ಟೀಲೇ ಪ್ರಾಣ ಬಿಟ್ಲು. ಫ್ರಾನ್ಸಿನ ಆಂಟಿಬ್‌ನಲ್ಲಿದ್ದ ಪಾರ್ಕು ಕಾನೂನು ಬದಲಾಗಿದ್ದಕ್ಕೆ 2025ರ ಜನವರೀಲಿ ಮುಚ್ತು. ಪ್ರೇಕ್ಷಕರು ಹೋದ್ರು, ತೊಟ್ಟೀಲಿ ವಿಕಿ ಮತ್ತೆ ಅವಳ ಮಗ ಕೈಜೊ ಉಳ್ಕೊಂಡ್ರು, ಎಲ್ಲಿಗೆ ಕಳಿಸೋದು ಅಂತ ಮಾಲೀಕರು, ಸರ್ಕಾರ, ಪ್ರಾಣಿ ಸಂಘಟನೆಗಳು ಜಗಳ ಆಡ್ತಾ. ತೊಟ್ಟೀಲೇ ಹುಟ್ಟಿದ ಮರಿಗಂತೂ ವಾಪಸ್ ಹೋಗೋ ಊರೇ ಇಲ್ಲ. ಹಾಗಾಗಿ ಈ ತಪ್ಪಿಗೆ ರಿಪೇರಿ ಅನ್ನೋದೇ ಇಲ್ಲ, ಮಾಡದೇ ಇರೋದೊಂದೇ ಕೈಯಲ್ಲಿರೋದು, 1992ರ ಆ ಖರೀದಿ ಬಗ್ಗೆ ನನಗೆ ಅಷ್ಟು ಸಿಟ್ಟಿರೋದೂ ಅದಕ್ಕೇ.

ಕೊನೇಲಿ ಟೀ ಬಂತು. ಮೊದಲು ಮಾತಾಡಿದ್ದ ಪ್ರೆಸ್ ಶಾಪ್ ಸೂಪರ್‌ವೈಸರ್ ಗ್ಲಾಸ್ ಹಿಡ್ಕೊಂಡು ಪಕ್ಕಕ್ಕೆ ಬಂದ್ರು. ದಸರಾ ರಜೆಗೆ ಫ್ಯಾಮಿಲಿ ಸಮೇತ ದುಬೈ ಪ್ಯಾಕೇಜ್ ಬುಕ್ ಮಾಡಿದಾರಂತೆ, ಅದ್ರಲ್ಲಿ ಡಾಲ್ಫಿನ್ ಶೋ ಸೇರಿದೆಯಂತೆ.

"ಅದು ಓರ್ಕಾ ಅಲ್ವಲ್ಲ ಸಾರ್, ಡಾಲ್ಫಿನ್ ತಾನೆ, ಚಿಕ್ಕದು."

"ಓರ್ಕಾನೂ ಡಾಲ್ಫಿನ್ನೇ ಅಂತ ಈಗ ತಾನೆ ಹೇಳಿದ್ನಲ್ಲಣ್ಣ."

"ಮಗಳಿಗೆ ಹೇಳಿಬಿಟ್ಟಿದೀನಿ ಸಾರ್, ಕುಣೀತಿದಾಳೆ ಅವ್ಳು."

ಪ್ಯಾಕೇಜಲ್ಲಿ ಆ ಒಂದು ಐಟಂ ತೆಗೆಸಿ ಬೇರೆ ಹಾಕಿಸ್ಕೊಳ್ಳೋಕೆ ಆಗುತ್ತಾ ಅಂತ ಏಜೆಂಟ್‌ನ ಕೇಳಿ ನೋಡಿ ಅಂದೆ. ಅವರು ಫೋನ್ ತೆಗೆದು ಅಲ್ಲೇ ನಿಂತು ಡಯಲ್ ಮಾಡಿದ್ರು, ಆ ಕಡೆ ಎಂಗೇಜ್ ಇತ್ತು.